ಕನ್ನಡಿಯಲ್ಲಿ ಬಂದ ಬಿಸಿಲು



ಈ ವರ್ಷ ಸಂಕ್ರಾಂತಿಯ ಮಾರನೆಯ ದಿನ ಆರು ಮಂದಿ ಹಳೆಯ ವಿದ್ಯಾರ್ಥಿಗಳು ನಮ್ಮ ಮನೆಗೆ ಬಂದಿದ್ದರು. 1990ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ತಂಡದವರು. ಎಳ್ಳುಬೆಲ್ಲ ಕೊಟ್ಟು, ನಮಸ್ಕರಿಸಿ, ಯಥಾಪ್ರಕಾರ ಹಳೆಯ ಸುದ್ದಿಗಳನ್ನೆಲ್ಲ ತೆಗೆದರು. ಕಾಫಿ ಮುಗಿದ ಮೇಲೆ ಬಂದ ಕಾರಣ ಹೊರಬಿತ್ತು. ಅವರು ಕಲಿತ, ನಾನು ಕಲಿಸಿದ ಆ ಹೆಂಚಿನ ಕಟ್ಟಡವನ್ನು ಬೇಸಿಗೆ ರಜೆಯಲ್ಲಿ ಕೆಡವಿ, ಆ ಜಾಗದಲ್ಲಿ ಹೊಸದನ್ನು ಕಟ್ಟುವುದೆಂದು ತೀರ್ಮಾನವಾಗಿದೆಯಂತೆ. ಅದಕ್ಕೆ ಮೊದಲು ಹಳೆಯ ಕಟ್ಟಡದ ಬಗ್ಗೆ ಹನ್ನೆರಡು ನಿಮಿಷಗಳ ಒಂದು ಕಿರುಚಿತ್ರ ತೆಗೆಯಬೇಕೆಂಬುದು ಇವರ ಆಸೆ. ಒಬ್ಬರ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಅವನ ಬಳಿ ಒಳ್ಳೆಯ ಕ್ಯಾಮೆರಾ ಇದೆ. ಆದರೆ ಕಟ್ಟಡದ ವಿದ್ಯುತ್ ಸಂಪರ್ಕವನ್ನು ಆಗಲೇ ಕಡಿದಿದ್ದರು. ಹಾಸನದಿಂದ ದೀಪಗಳನ್ನೂ ಜನರೇಟರನ್ನೂ ಬಾಡಿಗೆಗೆ ತರಿಸೋಣವೆಂದರೆ ಅವರು ಹೇಳಿದ ಮೊತ್ತ ಇವರು ಕೂಡಿಸಿದ್ದ ಚಂದಾ ಹಣವನ್ನು ಮೀರಿತ್ತು. “ಸಾರ್, ನಮಗೆ ಬೆಳಕಿನ ಪಾಠ ಮಾಡಿದವರು ನೀವು. ದೀಪವೇ ಇಲ್ಲದೆ ಸಿನಿಮಾ ತೆಗೆಯೋಕಾಗುತ್ತಾ, ನೀವೇ ಹೇಳಿ” ಎಂದರು.

ನಾನು ಗಣಿತ, ಭೌತಶಾಸ್ತ್ರ ಕಲಿಸಿದ ಮೇಷ್ಟ್ರು, ಸಿನಿಮಾ ತಂತ್ರಜ್ಞನಲ್ಲ. ಆದರೆ ಟೂರಿಂಗ್ ಟಾಕೀಸಿನ ಮರಳ ಮೇಲೆ ಕುಳಿತು ಬೆಳೆದವನು. ತೆರೆಯ ಮೇಲಿನ ಚಿತ್ರವನ್ನು ಎಷ್ಟು ನೋಡುತ್ತಿದ್ದೆನೋ, ತಲೆಯ ಮೇಲೆ ಹಾದುಹೋಗುವ ಆ ಬೆಳಕಿನ ಕೋಲನ್ನೂ ಅಷ್ಟೇ ನೋಡುತ್ತಿದ್ದೆ. ಮುಂದೆ ಪಾಠಕ್ಕೆ ಉದಾಹರಣೆ ಬೇಕಾಗಿ ಸಿನಿಮಾ ಛಾಯಾಗ್ರಹಣದ ಚರಿತ್ರೆಯನ್ನು ಆಗಾಗ ಓದುತ್ತ ಬಂದೆ. ಅಂದು ಅವರಿಗೆ ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಇದರ ಕೊನೆಗೆ, ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು ನನ್ನಲ್ಲೇ ಉಳಿದುಹೋಗಿದ್ದ ಒಂದು ಮಾತನ್ನೂ ಹೇಳಬೇಕಾಗಿದೆ.

ಅವರ ಪ್ರಶ್ನೆಗೆ ಚರಿತ್ರೆ ಕೊಡುವ ಉತ್ತರ ಸರಳವಾದುದು. ಸಿನಿಮಾ ಹುಟ್ಟಿದ್ದೇ ದೀಪವಿಲ್ಲದೆ. ಹುಟ್ಟಿದಾಗ ಎಲ್ಲ ಸಿನಿಮಾಗಳೂ ಕಿರುಚಿತ್ರಗಳೇ ಆಗಿದ್ದವು.

1893ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ವೆಸ್ಟ್ ಆರೆಂಜ್ ಎಂಬಲ್ಲಿ ಥಾಮಸ್ ಎಡಿಸನ್ ಅವರ ಸಂಸ್ಥೆಯು ಚಲನಚಿತ್ರ ತೆಗೆಯಲೆಂದೇ ಒಂದು ಕಟ್ಟಡವನ್ನು ಕಟ್ಟಿತು. ಗೋಡೆಗಳಿಗೆ ಕಪ್ಪು ಡಾಂಬರು ಕಾಗದ. ಬಿಸಿಲು ಒಳಗೆ ಬರಲೆಂದು ತೆರೆಯಬಹುದಾದ ಛಾವಣಿ. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಇಡೀ ಕಟ್ಟಡವು ವೃತ್ತಾಕಾರದ ಹಳಿಯ ಮೇಲೆ ಸುತ್ತುವಂತಿತ್ತು. ಸೂರ್ಯ ಸರಿದಂತೆ ಜನ ಕಟ್ಟಡವನ್ನೇ ತಳ್ಳಿ ತಿರುಗಿಸುತ್ತಿದ್ದರು. ‘ಬ್ಲ್ಯಾಕ್ ಮರಿಯಾ’ ಎಂಬುದು ಅದಕ್ಕೆ ಅಂಟಿದ ಅಡ್ಡಹೆಸರು. ವಿದ್ಯುದ್ದೀಪಕ್ಕೆ ಲೋಕಪ್ರಸಿದ್ಧರಾದ ಎಡಿಸನ್ನರ ಅಂಗಳದಲ್ಲೇ ಸಿನಿಮಾಕ್ಕೆ ಸೂರ್ಯನೇ ಗತಿಯಾಗಿದ್ದನು. ಅಂದಿನ ಫಿಲ್ಮಿಗೆ ಬೇಕಾದಷ್ಟು ಪ್ರಖರವಾದ ಬೆಳಕನ್ನು ಆ ಕಾಲದ ದೀಪಗಳು ಸುಲಭವಾಗಿ ಕೊಡುತ್ತಿರಲಿಲ್ಲ. 1894ರಲ್ಲಿ ಅಲ್ಲಿ ತೆಗೆದ ಒಂದು ಚಿತ್ರದಲ್ಲಿ ಫ್ರೆಡ್ ಆಟ್ ಎಂಬ ನೌಕರ ನಶ್ಯ ಏರಿಸಿ ಒಂದು ಸಲ ಸೀನುತ್ತಾನೆ. ಸುಮಾರು ಐದು ಸೆಕೆಂಡು, ಅಷ್ಟೇ ಚಿತ್ರ.

ಬೆಳಕು ಎಲ್ಲಿಂದ ಬರಬೇಕು ಎಂಬುದು ಮೊದಲನೆಯ ಪ್ರಶ್ನೆಯಾದರೆ, ಕ್ಯಾಮೆರಾ ಎಲ್ಲಿ ನಿಲ್ಲಬೇಕು ಎಂಬುದು ಎರಡನೆಯದು. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಹಣಕೊಟ್ಟು ಬಂದ ಜನರಿಗೆ ಹತ್ತು ಚಿತ್ರಗಳನ್ನು ತೋರಿಸಿದರು. ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಅವರದೇ ಇನ್ನೊಂದು ಚಿತ್ರ, ಮರುವರ್ಷ ಪ್ರದರ್ಶನ ಕಂಡ ರೈಲಿನ ಆಗಮನ. ಪ್ರೇಕ್ಷಕರು ಹೆದರಿ ಎದ್ದು ಓಡಿದರೆಂಬ ಕಥೆಯನ್ನು ಇತಿಹಾಸಕಾರರು ಈಗ ಹೆಚ್ಚಾಗಿ ನಂಬುವುದಿಲ್ಲ. ನಂಬಬೇಕಾದದ್ದು ಆ ಕ್ಯಾಮೆರಾ ನಿಂತ ಜಾಗವನ್ನು. ಹಳಿಗೆ ಅಡ್ಡಲಾಗಿ ಇಟ್ಟಿದ್ದರೆ ರೈಲು ಒಂದು ಪಕ್ಕದಿಂದ ಬಂದು ಇನ್ನೊಂದು ಪಕ್ಕಕ್ಕೆ ಹೋಗಿಬಿಡುತ್ತಿತ್ತು. ಅವರು ಪ್ಲಾಟ್‌ಫಾರಂ ಮೇಲೆ, ಹಳಿಯ ಪಕ್ಕದಲ್ಲಿ, ಓರೆಯಾಗಿ ನೋಡುವಂತೆ ಇಟ್ಟರು. ದೂರದಲ್ಲಿ ಒಂದು ಚುಕ್ಕೆಯಂತಿದ್ದ ಎಂಜಿನ್ನು ಹತ್ತಿರ ಬರುಬರುತ್ತ ಚೌಕಟ್ಟಿನ ಅಂಚನ್ನೇ ತುಂಬಿಬಿಡುತ್ತದೆ. ಆಮೇಲೆ ಇಳಿದ ಪ್ರಯಾಣಿಕರು ನಮ್ಮ ಮಗ್ಗುಲಲ್ಲೇ ಹಾದುಹೋಗುತ್ತಾರೆ. ಇಂದು ನಾವು ಲಾಂಗ್ ಶಾಟ್, ಮಿಡ್ ಶಾಟ್, ಕ್ಲೋಸಪ್ ಎಂದು ಹೆಸರಿಟ್ಟು ಕರೆಯುವ ಮೂರೂ ದೂರಗಳು, ಕ್ಯಾಮೆರಾ ಒಂದಂಗುಲವೂ ಕದಲದ ಆ ಒಂದೇ ಶಾಟಿನಲ್ಲಿ ಅಡಗಿವೆ. ಲ್ಯೂಮಿಯೇರ್ ಚಿತ್ರಗಳು 1896ರ ಜುಲೈ 7ರಂದು ಮುಂಬಯಿಯ ವ್ಯಾಟ್ಸನ್ ಹೋಟೆಲಿನಲ್ಲಿ ತೋರಿಸಲ್ಪಟ್ಟವು. ನಮ್ಮ ದೇಶಕ್ಕೆ ಸಿನಿಮಾ ಬಂದ ದಿನವೆಂದು ಅದನ್ನೇ ಎಣಿಸುತ್ತಾರೆ.

ಹತ್ತಿರ ಹೋಗಿ ನೋಡಬೇಕಾದರೆ ಅದಕ್ಕೊಂದು ಕಾರಣ ಬೇಕು ಎಂಬುದನ್ನು ಕಲಿಸಿದವರು ಇಂಗ್ಲೆಂಡಿನ ಬ್ರೈಟನ್ನಿನ ಕಡೆಯವರು. ಜಾರ್ಜ್ ಆಲ್ಬರ್ಟ್ ಸ್ಮಿತ್ ಎಂಬುವರು 1900ರಲ್ಲಿ ತೆಗೆದ ‘ಗ್ರ್ಯಾಂಡ್ಮಾಸ್ ರೀಡಿಂಗ್ ಗ್ಲಾಸ್’ ಎಂಬ ಕಿರುಚಿತ್ರದಲ್ಲಿ ಮೊಮ್ಮಗನೊಬ್ಬ ಅಜ್ಜಿಯ ಭೂತಗನ್ನಡಿಯನ್ನು ಹಿಡಿದು ಒಂದೊಂದೇ ವಸ್ತುವನ್ನು ನೋಡುತ್ತಾನೆ. ಅವನು ನೋಡಿದಾಗಲೆಲ್ಲ ನಮಗೆ ದುಂಡನೆಯ ಚೌಕಟ್ಟಿನೊಳಗೆ ಅದೇ ವಸ್ತು ದೊಡ್ಡದಾಗಿ ಕಾಣುತ್ತದೆ: ಪತ್ರಿಕೆಯ ಅಕ್ಷರ, ಗಡಿಯಾರದ ಚಕ್ರಗಳು, ಪಂಜರದ ಹಕ್ಕಿ, ಅಜ್ಜಿಯ ಕಣ್ಣು, ಬೆಕ್ಕಿನ ಮರಿ. ಇದ್ದಕ್ಕಿದ್ದಂತೆ ಮುಖವೊಂದನ್ನು ತೆರೆಯ ತುಂಬ ತೋರಿಸಿದರೆ ಪ್ರೇಕ್ಷಕ ಗಲಿಬಿಲಿಗೊಂಡಾನು. ಹುಡುಗನ ಕುತೂಹಲವೇ ಇಲ್ಲಿ ಕಾರಣವಾಗಿ ನಿಂತಿತು. ಇಂದಿನ ಕಿರುಚಿತ್ರಗಳಲ್ಲಿ ಕಾರಣವಿಲ್ಲದೆ ಬರುವ ಕ್ಲೋಸಪ್ಪುಗಳನ್ನು ನೋಡಿದಾಗ ನನಗೆ ಆ ಮೊಮ್ಮಗನ ನೆನಪಾಗುತ್ತದೆ. ಯಾರ ಕುತೂಹಲ ಇದು, ಎಂದು ಕೇಳಬೇಕೆನಿಸುತ್ತದೆ.

ಬೆಳಕಿನ ಕಥೆ ಇಷ್ಟು ಬೇಗ ಮುಂದುವರಿಯಲಿಲ್ಲ. ಜಾರ್ಜ್ ಮೆಲಿಯೆಸ್ ಅವರು 1897ರಲ್ಲಿ ಪ್ಯಾರಿಸ್ಸಿನ ಬಳಿಯ ಮೊಂತ್ರೈನಲ್ಲಿ ಗಾಜಿನ ಗೋಡೆ, ಗಾಜಿನ ಛಾವಣಿಗಳ ಸ್ಟುಡಿಯೋ ಕಟ್ಟಿದರು. ಚಂದ್ರಲೋಕದ ಯಾತ್ರೆಯ ಅವರ ಚಿತ್ರ ಅಲ್ಲಿಯೇ ತಯಾರಾಗಿ 1902ರಲ್ಲಿ ಬಂದಿತು. ಎಲ್ಲ ಕಡೆಯಿಂದ ಬರುವ ಸಮಬೆಳಕು, ನಾಟಕ ನೋಡುವವನಂತೆ ನಡುವೆ ನಿಂತ ಕ್ಯಾಮೆರಾ. ಎಲ್ಲವೂ ಕಾಣಬೇಕು ಎಂಬುದೇ ಗುರಿ. ಏನನ್ನು ಕಾಣಿಸದೆ ಬಿಡಬೇಕು ಎಂಬ ಪ್ರಶ್ನೆ ಆಮೇಲೆ ಬಂದಿತು. 1915ರ ಸುಮಾರಿಗೆ ಅಮೆರಿಕದ ಸೆಸಿಲ್ ಬಿ. ಡಿಮಿಲ್ ಮುಖದ ಒಂದು ಪಾರ್ಶ್ವಕ್ಕೆ ಮಾತ್ರ ಬೆಳಕು ಬಿಟ್ಟು ಚಿತ್ರ ತೆಗೆದರು. ಅರ್ಧ ಮುಖ ಮಾತ್ರ ತೋರಿಸಿದರೆ ಚಿತ್ರಮಂದಿರದವರು ಅರ್ಧ ಹಣವನ್ನೇ ಕೊಟ್ಟಾರು ಎಂದು ಅವರ ವ್ಯಾಪಾರ ಪಾಲುದಾರರು ಗಾಬರಿಯಾದರಂತೆ. ಇದು ಡಚ್ ಚಿತ್ರಕಾರ ರೆಂಬ್ರಾಂಟ್‌ನ ಶೈಲಿಯ ಬೆಳಕು ಎಂದು ಡಿಮಿಲ್ ಉತ್ತರ ಕಳಿಸಿದೊಡನೆ, ಹಾಗಾದರೆ ದುಪ್ಪಟ್ಟು ಹಣ ಕೇಳಬಹುದು ಎಂದು ಅವರು ಹಿಗ್ಗಿದರಂತೆ. ಡಿಮಿಲ್ಲರೇ ಹೇಳಿಕೊಂಡ ಕಥೆ ಇದು. ಸ್ವಲ್ಪ ಉಪ್ಪು ಖಾರ ಸೇರಿರಬಹುದು. ನೆರಳಿಗೂ ಬೆಲೆಯುಂಟೆಂದು ಸಿನಿಮಾದವರು ಕಂಡುಕೊಂಡದ್ದು ಮಾತ್ರ ನಿಜ.

ಇನ್ನು ನಮ್ಮ ದೇಶಕ್ಕೆ ಬರೋಣ. ದಾದಾಸಾಹೇಬ್ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ ತೆಗೆಯುವ ಮೊದಲು, 1912ರಲ್ಲಿ, ಒಂದು ಕಿರುಚಿತ್ರವನ್ನು ತಯಾರಿಸಿದರು. ಕುಂಡದಲ್ಲಿ ಬಟಾಣಿ ಬಿತ್ತಿ, ಕ್ಯಾಮೆರಾವನ್ನು ಅದರ ಮುಂದೆ ಕದಲದಂತೆ ನಿಲ್ಲಿಸಿ, ಒಂದು ತಿಂಗಳಿಗೂ ಹೆಚ್ಚು ಕಾಲ ಅದರ ಚಿತ್ರಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ಹೋದರು. ತೆರೆಯ ಮೇಲೆ ನೋಡನೋಡುತ್ತಿದ್ದಂತೆ ಬೀಜ ಮೊಳೆತು ಬಳ್ಳಿಯಾಯಿತು. ಹಣ ಹೂಡುವವರಿಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಈ ಬಟಾಣಿ ಬಳ್ಳಿಯಿಂದ. 1913ರ ಮೇ 3ರಂದು ತೆರೆಕಂಡ ‘ರಾಜಾ ಹರಿಶ್ಚಂದ್ರ’ದ ಕಾಲದಲ್ಲಿ ಅವರ ಪತ್ನಿ ಸರಸ್ವತಿಬಾಯಿಯವರು ಮನೆಯಲ್ಲಿ ಹತ್ತಾರು ಜನರಿಗೆ ಅಡಿಗೆ ಮಾಡಿ, ಫಿಲ್ಮಿಗೆ ಅಂಚಿನ ರಂಧ್ರ ಹಾಕಿ, ಅದನ್ನು ಸಂಸ್ಕರಿಸಲು ನೆರವಾಗಿ, ಸಾಲದೆಂಬಂತೆ ಚಿತ್ರೀಕರಣದಲ್ಲಿ ಗಂಟೆಗಟ್ಟಲೆ ಬಿಸಿಲಿನಲ್ಲಿ ಬಿಳಿಯ ಬಟ್ಟೆ ಹಿಡಿದು ನಿಲ್ಲುತ್ತಿದ್ದರು. ಬಟ್ಟೆಗೆ ಬಿದ್ದ ಬಿಸಿಲು ಚದುರಿ ನಟರ ಮುಖದ ಕಪ್ಪು ನೆರಳನ್ನು ತೊಡೆಯುತ್ತಿತ್ತು. ಭಾರತೀಯ ಸಿನಿಮಾದ ಮೊದಲ ದೀಪ ಒಬ್ಬ ಗೃಹಿಣಿ ಹಿಡಿದ ಬಿಳಿಯ ಬಟ್ಟೆ ಎಂದರೆ ತಪ್ಪಾಗಲಾರದು.

ಆ ಬಿಳಿಯ ಬಟ್ಟೆಗೆ ಶಾಸ್ತ್ರದ ಗೌರವ ಬಂದದ್ದು ನಾಲ್ಕು ದಶಕಗಳ ಮೇಲೆ, ಬಂಗಾಳದಲ್ಲಿ. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ 1956ರಲ್ಲಿ ಬಂದಿತು. ಅದರಲ್ಲಿ ಕಾಶಿಯ ಮನೆಯೊಂದರ ಒಳ ಅಂಗಳ ಬರುತ್ತದೆ. ಅದನ್ನು ಕಲ್ಕತ್ತೆಯ ಸ್ಟುಡಿಯೋದೊಳಗೆ ಕಟ್ಟಬೇಕಾಯಿತು. ನೀವು ತೊಟ್ಟಿಮನೆಯನ್ನು ಕಂಡಿದ್ದರೆ ಅಲ್ಲಿಯ ಬೆಳಕಿನ ಗುಣ ನಿಮಗೆ ಗೊತ್ತು: ಮೇಲಿನ ಆಕಾಶದಿಂದ ಇಳಿದು, ಎಲ್ಲಿಯೂ ಗಟ್ಟಿ ನೆರಳು ಮಾಡದೆ, ಮೆತ್ತಗೆ ಹರಡುವಂಥದು. ಸ್ಟುಡಿಯೋ ದೀಪಗಳನ್ನು ನೇರವಾಗಿ ಬಿಟ್ಟರೆ ಒಂದೊಂದು ದೀಪಕ್ಕೂ ಒಂದೊಂದು ನೆರಳು ಬಿದ್ದು ಮೋಸ ಬಯಲಾಗುತ್ತದೆ. ಛಾಯಾಗ್ರಾಹಕ ಸುಬ್ರತ ಮಿತ್ರ ಅಂಗಳದ ಮೇಲೆ ಬಿಳಿಯ ಬಟ್ಟೆ ಬಿಗಿಸಿ, ದೀಪಗಳನ್ನು ಕೆಳಗಿನಿಂದ ಅದರ ಕಡೆಗೆ ತಿರುಗಿಸಿದರು. ಬಟ್ಟೆಯಿಂದ ಚದುರಿ ಇಳಿದ ಬೆಳಕು ಆಕಾಶದ ಬೆಳಕಿನಂತೆಯೇ ಕಂಡಿತು. ಇದನ್ನು ಬೌನ್ಸ್ ಲೈಟಿಂಗ್ ಎನ್ನುತ್ತಾರೆ. ನಯವಾದ ಕನ್ನಡಿಯಿಂದ ಕ್ರಮಬದ್ಧ ಪ್ರತಿಫಲನ, ಒರಟು ಮೇಲ್ಮೈಯಿಂದ ಚದುರಿದ ಪ್ರತಿಫಲನ ಎಂದು ನಾನು ಬರೆಸುತ್ತಿದ್ದ ಟಿಪ್ಪಣಿ ನೆನಪಿದೆಯೇ? ಸಿನಿಮಾದ ಬೆಳಕಿನ ಅರ್ಧ ವಿದ್ಯೆ ಆ ಎರಡು ಸಾಲುಗಳಲ್ಲಿದೆ.

ಕಿರುಚಿತ್ರ ತೆಗೆಯುವವರು ತಪ್ಪದೆ ನೋಡಬೇಕಾದದ್ದು ರಾಯ್ ಅವರದೇ ‘ಟೂ’. 1964ರಲ್ಲಿ ತೆಗೆದ ಕಪ್ಪುಬಿಳುಪಿನ ಚಿತ್ರ, ಕಾಲು ಗಂಟೆಯ ಒಳಗಿನದು, ಒಂದು ಮಾತೂ ಇಲ್ಲ. ದೊಡ್ಡ ಮನೆಯಲ್ಲಿ ಆಟಿಕೆಗಳ ನಡುವೆ ಒಬ್ಬ ಹುಡುಗ; ಕಿಟಕಿಯ ಕೆಳಗೆ ಬಯಲಿನ ಗುಡಿಸಲಿನಲ್ಲಿ ಇನ್ನೊಬ್ಬ. ಅವನು ಕೊಳಲು ಊದಿದರೆ ಇವನು ತುತ್ತೂರಿ ಊದುತ್ತಾನೆ. ಅವನು ಗಾಳಿಪಟ ಹಾರಿಸಿದರೆ ಇವನು ಆಟದ ಬಂದೂಕಿನಿಂದ ಅದನ್ನು ಹರಿಯುತ್ತಾನೆ. ಸಿರಿವಂತ ಹುಡುಗನ ಕಣ್ಣಿನಿಂದ ನೋಡುವಾಗ ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ನೋಡುತ್ತದೆ. ಗುಡಿಸಲಿನ ಹುಡುಗನ ಕಣ್ಣಿನಿಂದಾದರೆ ಕೆಳಗಿನಿಂದ ಮೇಲಕ್ಕೆ. ಹೈ ಆಂಗಲ್, ಲೋ ಆಂಗಲ್ ಎಂದು ಪುಸ್ತಕದಲ್ಲಿ ಓದುವುದೆಲ್ಲ ಇಷ್ಟೇ. ಯಾರು ಯಾರನ್ನು ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದು ಬರಿಯ ತಂತ್ರದ ಮಾತಲ್ಲ, ನ್ಯಾಯದ ಮಾತೂ ಹೌದು. ಮೇಷ್ಟ್ರ ವೇದಿಕೆಯೂ ನೆಲದಿಂದ ಒಂದಡಿ ಎತ್ತರದಲ್ಲಿರುತ್ತದೆ ಎಂಬುದು ಆ ಚಿತ್ರ ನೋಡಿದಾಗ ನನಗೆ ಹೊಳೆಯಿತು.

ಕಾಲಕ್ರಮದಲ್ಲಿ ಬೇಕೆಂದೇ ಒಬ್ಬರನ್ನು ಹಿಂದಕ್ಕೆ ಬಿಟ್ಟಿದ್ದೇನೆ. ಅವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. 1923ರಲ್ಲಿ ಹುಟ್ಟಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. 1951ರ ‘ಬಾಜಿ’ ಚಿತ್ರದಲ್ಲಿ ಸಹಾಯಕರಾಗಿದ್ದಾಗ, ಕ್ಯಾಮೆರಾ ಚಲಿಸುತ್ತಲೇ ತೆಗೆಯಬೇಕಾದ ಒಂದು ಕಷ್ಟದ ಶಾಟನ್ನು ತಾವೇ ಮುಂದೆ ಬಂದು ಮಾಡಿಕೊಟ್ಟರು. ಅದನ್ನು ಕಂಡ ನಿರ್ದೇಶಕ ಗುರುದತ್, ಮುಂದಿನ ‘ಜಾಲ್’ ಚಿತ್ರದಿಂದ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಗುರುದತ್ ಕೂಡ 1925ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪಡುಕೋಣೆ ಮನೆತನದವರು. ಈ ಇಬ್ಬರು ಸೇರಿ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳಲ್ಲಿ ಕಪ್ಪುಬಿಳುಪಿನಿಂದ ಮಾಡಿದ್ದನ್ನು ಬಣ್ಣದಲ್ಲಿ ಮಾಡುವುದು ಇಂದಿಗೂ ಕಷ್ಟ.

‘ಕಾಗಜ್ ಕೆ ಫೂಲ್’ 1959ರಲ್ಲಿ ಬಂದಿತು, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದಲ್ಲಿ ನಾಯಕ ನಾಯಕಿಯರು ದೂರ ದೂರ ನಿಂತಿರುತ್ತಾರೆ. ಗೀತಾ ದತ್ ಅವರ ಹಾಡು ಕೇಳುತ್ತಿರುತ್ತದೆ. ಇಬ್ಬರ ನಡುವೆ, ಮೇಲಿನಿಂದ ಓರೆಯಾಗಿ, ಒಂದು ದಪ್ಪ ಬಿಸಿಲುಕೋಲು ಇಳಿಯುತ್ತದೆ. ನಮ್ಮ ಶಾಲೆಯ ಹೆಂಚಿನ ಸಂದಿಯಿಂದ ಮಧ್ಯಾಹ್ನದ ಹೊತ್ತು ಇಳಿಯುತ್ತಿತ್ತಲ್ಲ, ಧೂಳಿನ ಕಣಗಳು ಕುಣಿಯುತ್ತಿದ್ದವಲ್ಲ, ಅದೇ ಬಿಸಿಲುಕೋಲು, ಆದರೆ ಬೃಹತ್ತಾದದ್ದು. ಅವರಿಬ್ಬರೂ ಹತ್ತಿರ ಬರಲಾರರೆಂಬುದನ್ನು ಆ ಬೆಳಕೇ ಹೇಳುತ್ತದೆ.

ಅದನ್ನು ಮಾಡುವುದು ಹೇಗೆ? ಸ್ಟುಡಿಯೋ ದೀಪದಿಂದ ಆಗದು. ದೀಪ ಹತ್ತಿರವಿರುವುದರಿಂದ ಅದರ ಕಿರಣಗಳು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಸೂರ್ಯ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ಅವನ ಕಿರಣಗಳು ನಮ್ಮನ್ನು ತಲುಪುವಾಗ ಬಹುಮಟ್ಟಿಗೆ ಸಮಾನಾಂತರವಾಗಿರುತ್ತವೆ. ಕೋಲು ಕೋಲಾಗಿಯೇ ಕಾಣಬೇಕಾದರೆ ಸೂರ್ಯನೇ ಬೇಕು. ಮೂರ್ತಿಯವರು ಒಂದು ದೊಡ್ಡ ಕನ್ನಡಿಯನ್ನು ಸ್ಟುಡಿಯೋದ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದರು. ಅದರಿಂದ ಬಂದ ಬೆಳಕನ್ನು ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಇಳಿಸಿದರು. ಎರಡು ಕನ್ನಡಿ, ಒಬ್ಬ ಸೂರ್ಯ. ಚಿತ್ರ ಅಂದು ಸೋತಿತು. ಮೂರ್ತಿಯವರಿಗೆ ಆ ಕೆಲಸಕ್ಕಾಗಿ ಫಿಲಂಫೇರ್ ಪ್ರಶಸ್ತಿ ಬಂದಿತು. ಮುಂದೆ ಅವರು ಬೆಂಗಳೂರಿಗೆ ಮರಳಿದರು. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆಂದು 2010ರ ಜನವರಿಯಲ್ಲಿ ಪ್ರಕಟವಾಯಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. 2014ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಆ ಪ್ರಶಸ್ತಿಯ ಸುದ್ದಿ ಬಂದ ದಿನಗಳಲ್ಲಿ, ಸ್ಟಾಫ್ ರೂಮಿನಲ್ಲಿ ಪತ್ರಿಕೆ ಓದುತ್ತ, ಕನ್ನಡಿಯ ಈ ಸಂಗತಿಯನ್ನು ನಾನು ಮೊದಲ ಬಾರಿಗೆ ತಿಳಿದೆ. ಮೆಚ್ಚುಗೆಯಾಗಬೇಕಾಗಿತ್ತು. ನನಗಾದದ್ದು ನಾಚಿಕೆ.

1987ರ ಮಾತು. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಎಂಟನೆಯ ತರಗತಿಗೆ ಬೆಳಕಿನ ಪಾಠ. ಪತನ ಕೋನವೂ ಪ್ರತಿಫಲನ ಕೋನವೂ ಸಮ ಎಂಬ ನಿಯಮವನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಹಲಗೆಯ ಮೇಲೆ ಒಂದು ಬೆಳಕಿನ ಬೊಟ್ಟು ಬಂದು ಕುಳಿತಿತು. ಬರೆದ ಸಾಲಿನ ಕೆಳಗೆ ನಿಧಾನವಾಗಿ, ಗೆರೆ ಎಳೆದಂತೆ, ಸರಿಯಿತು. ಆಮೇಲೆ ನನ್ನ ಕೈಮೇಲೆ, ಕಿವಿಯ ಮೇಲೆ. ತರಗತಿ ನಕ್ಕಿತು. ತಿರುಗಿ ನೋಡಿದರೆ ಕಿಟಕಿಯ ಪಕ್ಕದ ಬೆಂಚಿನ ಹುಡುಗನ ಕೈಯಲ್ಲಿ ಜಾತ್ರೆಯಲ್ಲಿ ಮಾರುವಂಥ ದುಂಡನೆಯ ಕನ್ನಡಿ. ಕಿತ್ತುಕೊಂಡು ಕಿಟಕಿಯ ಆಚೆಗೆ ಎಸೆದೆ. ಅದು ಕಲ್ಲಿನ ಮೇಲೆ ಬಿದ್ದು ಒಡೆಯಿತು. ಬೆತ್ತದಿಂದ ಎರಡು ಕೊಟ್ಟು, ಗಂಟೆ ಹೊಡೆಯುವವರೆಗೆ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದೆ. ಒಳಗೆ ಬಂದು ನಿಯಮವನ್ನು ಪೂರ್ತಿ ಬರೆಸಿದೆ. ನಾನು ಹಲಗೆಯ ಮೇಲೆ ಬರೆಯುತ್ತಿದ್ದುದನ್ನೇ ಅವನು ಬೆಂಚಿನ ಮೇಲೆ ಕುಳಿತು ಮಾಡಿ ತೋರಿಸುತ್ತಿದ್ದ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಮುಂದಿನ ವರ್ಷ ಅವನು ಒಂಬತ್ತನೆಯ ತರಗತಿಗೆ ಬರಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಬಂದವರು ಅವನ ಸಹಪಾಠಿಗಳೇ. ಈ ಕಥೆಯನ್ನೆಲ್ಲ ಹೇಳಿ, ಅವನೀಗ ಎಲ್ಲಿದ್ದಾನೆಂದು ಕೇಳಿದೆ. ಹತ್ತಿರದ ಊರಿನಲ್ಲೇ ಶಾಮಿಯಾನ, ಸೀರಿಯಲ್ ಲೈಟುಗಳ ಅಂಗಡಿ ಇಟ್ಟಿದ್ದಾನೆ ಎಂದರು. ಜಾತ್ರೆಗಳಿಗೂ ಮದುವೆಗಳಿಗೂ ಬೆಳಕು ಕಟ್ಟುವ ಕೆಲಸ! ಎರಡು ದಿನ ಹಿಂದೆಮುಂದೆ ನೋಡಿ ಫೋನು ಮಾಡಿದೆ. ಹೆಸರು ಹೇಳುತ್ತಲೇ ಗುರುತು ಹಿಡಿದರು. ಐವತ್ತು ದಾಟಿದ ಮನುಷ್ಯ. ಇನ್ನು ಏಕವಚನ ಸಲ್ಲದು. ಕನ್ನಡಿಯ ಪ್ರಸಂಗ ಹೇಳಿ, ನನ್ನದು ತಪ್ಪಾಯಿತು ಎಂದೆ.

“ಯಾವುದು ಸಾರ್? ನೀವು ಹೊಡೆದದ್ದು ಒಂದು ಸಲವೇ, ನೆನಪಿಟ್ಟುಕೊಳ್ಳೋಕೆ?” ಎಂದು ಜೋರಾಗಿ ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಕನ್ನಡಿ ಮಾತ್ರ ನಮ್ಮಕ್ಕಂದು ಸಾರ್. ಅವಳ ಹತ್ತಿರ ಬೈಸಿಕೊಂಡದ್ದು ಚೆನ್ನಾಗಿ ನೆನಪಿದೆ” ಎಂದರು. ಶಾಲೆ ಬಿಟ್ಟದ್ದು ತಂದೆ ತೀರಿಕೊಂಡದ್ದರಿಂದ, ನಿಮ್ಮ ಏಟಿನಿಂದಲ್ಲ, ಎಂದೂ ಹೇಳಿದರು. ಅದು ನಿಜವೇ ಇರಬಹುದು, ನನ್ನ ಸಮಾಧಾನಕ್ಕೆ ಹೇಳಿದ ಮಾತೂ ಇರಬಹುದು. ಯಾವುದಾದರೂ ಅದು ಅವರ ದೊಡ್ಡತನ.

ಮಾರ್ಚ್ ತಿಂಗಳ ಒಂದು ಭಾನುವಾರ ಚಿತ್ರೀಕರಣ. ಅವರು ತಮ್ಮ ಟೆಂಪೋದಲ್ಲಿ ಎರಡು ಬೀರು ಕನ್ನಡಿಗಳನ್ನು ಕಂಬಳಿಯಲ್ಲಿ ಸುತ್ತಿ ತಂದಿದ್ದರು. ಒಂದನ್ನು ಅಂಗಳದಲ್ಲಿ, ಇನ್ನೊಂದನ್ನು ತರಗತಿಯೊಳಗೆ ಬಾಗಿಲಿಗೆ ಎದುರಾಗಿ ಏಣಿಯ ಮೇಲೆ ಕಟ್ಟಿದರು. ಹೊರಗಿನ ಬಿಸಿಲು ಬಾಗಿಲಿನಿಂದ ಒಳಗೆ ಬಂದು, ಮೇಲೇರಿ, ಅಲ್ಲಿಂದ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಇಳಿಯಿತು. ಬೆಳಕು ಬಿದ್ದ ಜಾಗ ಹೊಳೆಯುತ್ತಿತ್ತು, ಆದರೆ ನಡುವೆ ಕೋಲು ಕಾಣುತ್ತಿರಲಿಲ್ಲ. ಬೆಳಕಿಗೆ ಚದುರಲು ಕಣ ಬೇಕು ಎಂದೆ. ಮುಖ್ಯ ಶಿಕ್ಷಕಿಯಾಗಿರುವ ಹಳೆಯ ವಿದ್ಯಾರ್ಥಿನಿ ಮೂಲೆಯಲ್ಲಿದ್ದ ಡಸ್ಟರನ್ನು ಗೋಡೆಗೆ ಬಡಿದರು. ಸೀಮೆಸುಣ್ಣದ ಪುಡಿ ಎದ್ದು ಹರಡುತ್ತಿದ್ದಂತೆ ಬಿಸಿಲುಕೋಲು ತಟ್ಟನೆ ಮೂಡಿತು. ಯಾರೂ ಮಾತಾಡಲಿಲ್ಲ. ಇನ್ನೊಂದು ಬದಿಯ ಕತ್ತಲೆಗೆ ನನ್ನದೇ ಬಿಳಿಯ ಪಂಚೆಯನ್ನು ಕಿಟಕಿಯ ಬಳಿ ಹಿಡಿದು, ಮುಖಗಳ ಮೇಲೆ ಮೆತ್ತನೆಯ ಬೆಳಕು ಬರುವಂತೆ ಮಾಡಿದರು. ಸರಸ್ವತಿಬಾಯಿಯವರ ಕೆಲಸವನ್ನು ಆ ದಿನ ಸರದಿಯ ಮೇಲೆ ನಾಲ್ಕು ಮಂದಿ ಮಾಡಿದರು, ಕೈಸೋತು ಹೋಯಿತು.

ಸೂರ್ಯ ಆಕಾಶದಲ್ಲಿ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಸರಿಯುತ್ತಾನೆ. ಆದ್ದರಿಂದ ಪ್ರತಿ ಶಾಟಿಗೂ ಕನ್ನಡಿಯನ್ನು ತಿದ್ದಬೇಕು. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಪ್ರತಿಫಲಿತ ಕಿರಣ ಎರಡು ಡಿಗ್ರಿ ತಿರುಗುತ್ತದೆ. ಮೂವತ್ತಡಿ ದೂರದಲ್ಲಿ ಅದು ಒಂದಡಿಯ ವ್ಯತ್ಯಾಸ. ಆತ ಹೆಬ್ಬೆರಳಿನಿಂದ ಕನ್ನಡಿಯ ಅಂಚನ್ನು ಕೂದಲೆಳೆಯಷ್ಟು ಒತ್ತಿ ಬೆಳಕನ್ನು ಮತ್ತೆ ಬೆಂಚಿನ ಮೇಲೆ ತರುತ್ತಿದ್ದುದನ್ನು ನೋಡಿ, ಅಭ್ಯಾಸಬಲದಿಂದ ಈ ನಿಯಮವನ್ನು ವಿವರಿಸಲು ಹೊರಟೆ. “ಅದು ಕೈಗೆ ಗೊತ್ತಾಗುತ್ತೆ ಸಾರ್” ಎಂದರು. ನಾನು ಬಾಯಿ ಮುಚ್ಚಿದೆ.

ಏಪ್ರಿಲ್‌ನಲ್ಲಿ ಕಟ್ಟಡವನ್ನು ಇಳಿಸಿದರು. ಹನ್ನೆರಡು ನಿಮಿಷದ ಚಿತ್ರ ಉಳಿದಿದೆ. ಅದರಲ್ಲಿ ಒಂದು ಶಾಟ್: ಕಿಟಕಿಯ ಪಕ್ಕದ ಬೆಂಚು, ಅದರ ಮೇಲೆ ಬಿಸಿಲು. ಅಲ್ಲಿ ಯಾರನ್ನೂ ಕೂರಿಸುವುದು ಬೇಡವೆಂದು ಚಿತ್ರ ತೆಗೆದ ಹುಡುಗನೇ ಹೇಳಿದ. ಅವನಿಗೆ ನಾನು ಏನನ್ನೂ ಹೇಳಿರಲಿಲ್ಲ. ಕ್ಯಾಮೆರಾವನ್ನು ನನ್ನ ವೇದಿಕೆಯ ಮೇಲಿಡದೆ, ಕೆಳಗಿಳಿಸಿ, ಬೆಂಚಿನ ಮಟ್ಟದಲ್ಲಿ ಇಟ್ಟಿದ್ದ.

ನಿಮ್ಮಲ್ಲಿ ಕೆಲವರ ಮಕ್ಕಳು ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುತ್ತಿದ್ದಾರೆಂದು ಕೇಳಿದ್ದೇನೆ. ಅವರಿಗೆ ಈ ಬರಹವನ್ನು ಓದಿ ಹೇಳಿ. ಬಾಡಿಗೆ ದೀಪಕ್ಕೆ ಹಣವಿಲ್ಲವೆಂದು ಕೈಕಟ್ಟಿ ಕುಳಿತುಕೊಳ್ಳುವುದು ಬೇಡ. ಮೊದಲು ಆ ಜಾಗಕ್ಕೆ ಹೋಗಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲು ಎಲ್ಲಿ ಬಂದು ಎಲ್ಲಿ ಹೋಗುತ್ತದೆಂದು ಒಂದು ದಿನ ನೋಡಲಿ. ಮನೆಯಲ್ಲಿ ಒಂದು ಬಿಳಿಯ ಪಂಚೆ, ಒಂದು ಕನ್ನಡಿ ಇದ್ದೇ ಇರುತ್ತದೆ. ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೆ ಬೇರೆಯೇ ಒಂದು ಮಾತು: ಹಲಗೆಯ ಮೇಲೆ ಬೆಳಕಿನ ಬೊಟ್ಟು ಬಂದರೆ, ಬೆತ್ತ ಹುಡುಕುವ ಮೊದಲು, ಅದು ಎಲ್ಲಿಂದ ಬಂದಿತೆಂದು ನೋಡಿರಿ.

ನಿಮ್ಮ ಪ್ರೀತಿಯ
ಮೇಷ್ಟ್ರು